ದೊಡ್ಡಮ್ಮ ತಿಂದ ಹರಿದ ರೊಟ್ಟಿಗಳು

ನನ್ನ ತವರು ಜಗಳೂರು ಕಡೆ. ಜೋಳದ ರೊಟ್ಟಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಇದ್ದರೆ ತಪ್ಪೇನು? ತ್ಯಾವಣಿಗೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ರೊಟ್ಟಿ ಹೊಗಳದ ನೆಂಟರಿಲ್ಲ. ಅಂಥವಳ ಮಗಳು ರೊಟ್ಟಿ ಕಲಿಯಲು ಪಕ್ಕದ ಮನೆಗೆ ಹೋದರೆ ಹೊಟ್ಟೆ ಉರಿಯದೆ ಇನ್ನೇನು?

ಐದನೇ ಕ್ಲಾಸಿನ ಮೇಡಂ ಮಕ್ಕಳಿಗೆ ಹೇಳಿದ್ದರು: ದಸರಾ ರಜೆಯಲ್ಲಿ ನಿಮಗಿಷ್ಟವಾದ ಒಂದು ಕೆಲಸ ಆರಿಸಿಕೊಂಡು ಪೂರ್ತಿ ಕಲಿತು ಬನ್ನಿ. ಕೆಲವರು ಸೈಕಲ್ ಅಂದರಂತೆ. ನನ್ನ ಮಗಳು, ಹರಿಯದ ಹಾಗೆ ರೊಟ್ಟಿ ಬಡಿಯುತ್ತೇನೆ ಅಂದಳಂತೆ. ನಾನು ಉಬ್ಬಿಹೋಗಿ ಅವತ್ತೇ ಅವಳನ್ನು ಹಿಟ್ಟಿನ ಮುಂದೆ ಕೂರಿಸಿದೆ.

ಎರಡು ದಿನವಾಗುವಷ್ಟರಲ್ಲಿ ಅವಳು ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿಯ ಒಲೆ ಮುಂದೆ ಕೂತಿದ್ದಳು. ವಾರಗಿತ್ತಿ ಹೊನ್ನಾಳಿಯವಳು. ಅವಳ ರೊಟ್ಟಿಯ ಅಂಚು ದಪ್ಪ ಎಂದು ಅವಳ ಗಂಡ, ನಮ್ಮ ಭಾವನವರೇ ಹೇಳುತ್ತಾರೆ! ಗೋಡೆಯಾಚೆಯಿಂದ ಪಟಪಟ ಸದ್ದು, ಆಮೇಲೆ ಇಬ್ಬರ ನಗು. ತಡೆಯಲಾಗದೆ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಹೋದೆ.

ಮಗಳ ರೊಟ್ಟಿ ನಡುವೆ ಹರಿದಿತ್ತು. ವಾರಗಿತ್ತಿ ಅದನ್ನು ಹರಿದಂತೆಯೇ ಹಂಚಿಗೆ ಹಾಕಿ ಬೇಯಿಸಿದಳು. ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಾ, "ನಿನ್ನೆಗಿಂತ ಅಗಲ ಆಗೈತೆ ನೋಡು. ನಾಳೆ ನಡುವೆ ಮೆಲ್ಲಗೆ ಬಡಿ, ಅಷ್ಟೇ ಸಾಕು" ಅಂದಳು. ಹೆಪ್ಪು ಮರೆತು ವಾಪಸ್ ಬಂದೆ.

ಮಗಳು ಮನೆಗೆ ಬಂದ ಕೂಡಲೇ ಕೇಳಿದೆ, "ನನ್ನತ್ರ ಕಲಿಯಾಕೆ ಏನಾಗೈತೆ ನಿಂಗೆ?"

"ಸ್ವಲ್ಪ ಹರಿದ್ರೆ ಸಾಕು, ನೀನು ಕಿತ್ಕಂತೀಯ. ಮತ್ತೆ ಉಂಡೆ ಮಾಡಿ ನೀನೇ ಬಡಿತೀಯ. ನಾನು ಹೆಂಗೆ ಕಲೀಲಿ?"

ಅವಳು ಹೇಳಿದ್ದು ನಿಜ. ಆದರೆ ನಿಜ ಕೇಳಿದರೆ ಹೊಟ್ಟೆಕಿಚ್ಚು ಆರುತ್ತದೆಂದು ಯಾರು ಹೇಳಿದರು? ವಾರಗಿತ್ತಿಯ ಜೊತೆ ನಾನು ನೆಟ್ಟಗೆ ಮಾತಾಡಲೇ ಇಲ್ಲ.

ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಗಳು ತಟ್ಟೆ ಹಿಡಿದು ಓಡಿ ಬಂದಳು. "ಅಮ್ಮಾ, ಎಲ್ಲೂ ಹರಿದಿಲ್ಲ! ಮೊದ್ಲು ನಿಂಗೇ ತಂದೀನಿ, ದೊಡ್ಡಮ್ಮಂಗೂ ಕೊಟ್ಟಿಲ್ಲ."

ರೊಟ್ಟಿ ಒಂದು ಕಡೆ ಸೊಟ್ಟಗಿತ್ತು, ಅಂಚು ಹೊನ್ನಾಳಿಯದೇ. ಗೆದ್ದೆ ಅಂದುಕೊಂಡು ಒಂದು ಚೂರು ಮುರಿದು ಬಾಯಿಗಿಟ್ಟು ಬಾಗಿಲಾಚೆ ನೋಡಿದೆ. ಅಲ್ಲಿ ವಾರಗಿತ್ತಿ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ, ನಾನು ತಿನ್ನುವುದನ್ನೇ ನೋಡುತ್ತಾ ನಗುತ್ತಿದ್ದಳು.

ಚೆನ್ನಾಗಿರುವ ರೊಟ್ಟಿಯನ್ನು ಇನ್ನು ಮುಂದೆ ಮಗಳು ಯಾರಿಗೆ ಬೇಕಾದರೂ ಬಡಿದು ಕೊಟ್ಟಾಳು. ಕಲಿಯುವಾಗ ಹರಿದವನ್ನೆಲ್ಲ ವಾರಗಿತ್ತಿಯೊಬ್ಬಳೇ ತಿಂದು ಮುಗಿಸಿದ್ದಳು. ಅದರಲ್ಲಿ ಒಂದು ಚೂರೂ ನನಗೆ ಸಿಗಲಿಲ್ಲ.