ಮಿಲ್ಲಿನ ಮಾವ ಕೂಗಿದ ನಡೆ

ನಂಜನಗೂಡಿಗೆ ಬಂದಮೇಲೆ ನಾನು ಪ್ಯಾಕೆಟ್ ರಾಗಿಹಿಟ್ಟಿಗೆ ಒಗ್ಗಿಹೋಗಿದ್ದೆ. ಮೊನ್ನೆ ಪಕ್ಕದ ಮನೆಯವರು ಮಿಲ್ಲಿನಲ್ಲಿ ಆಗಷ್ಟೇ ಬೀಸಿಸಿದ ಹಿಟ್ಟನ್ನು ಒಂದು ಡಬ್ಬಿ ಕೊಟ್ಟರು. ಮುಚ್ಚಳ ತೆಗೆದರೆ ಇನ್ನೂ ಬಿಸಿ. ಆ ಬೆಚ್ಚನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಿ. ನರಸೀಪುರದ ನಮ್ಮ ಬೀದಿಯ ಮಿಲ್ಲು, ಅದರ ಮುಂದಿನ ಬೆಂಚು, ಬೆಂಚಿನ ಮೇಲಿನ ಚೆಸ್ ಬೋರ್ಡು, ಮಿಲ್ಲಿನ ಮಾವ… ಅವತ್ತಿನ ಮುದ್ದೆಯಲ್ಲಿ ಗಂಟು ಉಳಿಯಿತು.

ಅವರು ನಮಗೆ ನೆಂಟರೇನಲ್ಲ, ಬೀದಿಯ ಮಕ್ಕಳಿಗೆಲ್ಲ ಮಾವ. ಹಗಲೆಲ್ಲ ಮೆಷಿನ್ನಿನ ಸದ್ದಿನಲ್ಲೇ ಇದ್ದವರಾದ್ದರಿಂದ ಅವರು ಹೇಳುವ ಗುಟ್ಟು ಕೂಡ ಎದುರು ಸಾಲಿಗೆ ಕೇಳುತ್ತಿತ್ತು. ಸರದಿಗೆ ಕಾಯುವವರಿಗೆ ಬೇಜಾರಾಗದಿರಲಿ ಎಂದು ಬೋರ್ಡು ತಂದಿಟ್ಟವರೂ ಅವರೇ. ಹಿಟ್ಟು ಕೂತು ಕೂತು ಕಪ್ಪು ಕಾಯಿಗಳೂ ಬೆಳ್ಳಗಾಗಿ, ಯಾವುದು ಯಾರದೆಂದು ಊದಿ ನೋಡಬೇಕಿತ್ತು. ನಾನು ಆಟ ಕಲಿತದ್ದು ಅಲ್ಲೇ. ಆಡುವವರು ಇಬ್ಬರಾದರೆ ಆಡಿಸುವವರು ಬೆಂಚಿನ ತುಂಬ. ಮಾವ ರಾಗಿ ಸುರಿಯುತ್ತಲೇ ಕೂಗುತ್ತಿದ್ದರು:

"ಮಂತ್ರೀನ ಈಚೆಗ್ ಬುಡವ್ವ! ಒಳಗ್ ಮಡೀಕಂಡು ಉಪ್ಪಿನ್ಕಾಯ್ ಆಕೀಯಾ?"

ಯಾವ ಆಟಕ್ಕೂ ಅವರದು ಅದೊಂದೇ ಸಲಹೆ. ನಿಜಕ್ಕೂ ಅವರ ಆಟ ಅಷ್ಟಕ್ಕಷ್ಟೇ. ಆದರೆ ನಾನು ಗೆದ್ದ ದಿನ ನಮ್ಮ ಹಿಟ್ಟಿಗೆ ಸರದಿ ಇರುತ್ತಿರಲಿಲ್ಲ.

ಡಿಗ್ರಿಗೆ ಸೇರಿದ ವರ್ಷ ನಂಜನಗೂಡಿನಲ್ಲಿ ಕಾಲೇಜುಗಳ ಪಂದ್ಯ ಇತ್ತು. ಗೆದ್ದರೆ ಯೂನಿವರ್ಸಿಟಿ ತಂಡ, ಸೋತರೆ ಸೀದಾ ಮನೆ. ಅಪ್ಪ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದರು. ನಾನೂ ಕಡಿಮೆಯೇನಲ್ಲ, ಅಪ್ಪನ ಮೊಬೈಲಿನಲ್ಲಿ ವಿಡಿಯೋ ನೋಡಿ ಆಟ ಶುರುಮಾಡುವ ಒಂದೇ ಒಂದು ಬಗೆಯನ್ನು ಬಾಯಿಪಾಠ ಮಾಡಿದ್ದೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುವುದು, ಎದುರಿನವರೂ ಹಾಗೇ ತಳ್ಳುತ್ತಾರೆ, ಆಮೇಲೆ ಹೀಗೆ, ಹೀಗೆ… ಎದುರಿನವರು ತಳ್ಳದಿದ್ದರೆ? ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಅಪ್ಪನಿಗೆ ರಜೆ ಸಿಗದೆ, ಮಾವ ಮಿಲ್ಲು ಮುಚ್ಚಿ, ಮಡಿ ಪಂಚೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದರು.

ನಾನು ಕಾಲಾಳು ತಳ್ಳಿದೆ. ಎದುರಿನ ಹುಡುಗಿ ತನ್ನ ಕಾಲಾಳು ಮುಟ್ಟಲೇ ಇಲ್ಲ. ಕುದುರೆ ಹಾರಿಸಿದಳು, ನನ್ನ ಕಾಲಾಳನ್ನೇ ತಿನ್ನುವ ಹಾಗೆ. ನನ್ನ ಬಾಯಿಪಾಠ ಅಲ್ಲಿಗೆ ಮುಗಿಯಿತು. ಏನೂ ತೋಚದೆ, ಮಿಲ್ಲಿನ ಅಭ್ಯಾಸದಲ್ಲಿ ಒಂದು ಕಾಯಿಯನ್ನು, ಕೈಗೆತ್ತಿಕೊಳ್ಳದೆಯೇ, ಬಗ್ಗಿ ಊದಿದೆ. ಹುಡುಗಿ ನಕ್ಕಳು. ಗೋಡೆ ಪಕ್ಕ ನಿಂತಿದ್ದ ಮಾವನಿಗೆ ತಡೆಯಲಾಗಲಿಲ್ಲ. ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದರು:

"ಮಂತ್ರೀನ ಓರೆಗ್ ಬುಡವ್ವ!"

ಇಡೀ ಹಾಲ್ ತಿರುಗಿ ನೋಡಿತು. ತೀರ್ಪುಗಾರರು ಎದ್ದು ಬಂದರು. "ಯಾರ್ರೀ ಅದು? ಆಚೆ ನಡೀರಿ!"

"ತೆಪ್ಪಾಯ್ತು ಸಾ, ಮಗೀಗೇನೂ ಮಾಡ್ಬ್ಯಾಡಿ," ಎಂದು ಕೈಮುಗಿಯುತ್ತ ಮಾವ ಹೊರಗೆ ಹೋದರು.

ನನಗೇನೂ ಶಿಕ್ಷೆಯಾಗಲಿಲ್ಲ. ಆಟ ಮುಂದುವರಿಸಿ ಎಂದರು. ಮಾವ ಹೇಳಿದಂತೆ ಆಡಿದ್ದರೆ ಆ ಕುದುರೆ ಮಂತ್ರಿಯನ್ನೇ ತಿಂದುಬಿಡುತ್ತಿತ್ತು, ಅಷ್ಟು ನನಗೆ ಗೊತ್ತಿತ್ತು. ಆಡಬೇಕಾದದ್ದು ಏನೆಂದು ಮಾತ್ರ ಗೊತ್ತಿರಲಿಲ್ಲ. ಏನೇನೋ ಆಡಿದೆ, ಸೋತೆ.

"ನನ್ ಬಾಯಿಂದ್ಲೇ ಕೆಟ್ಟೋಯ್ತು ಕಣವ್ವ," ಎಂದರು ಮಾವ ಬಸ್ಸಿನಲ್ಲಿ.

ಇಲ್ಲ ಮಾವ, ಎನ್ನಬೇಕಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವರ ಮಾತು ಕೇಳಿ ನನಗೆ ಹಾಯೆನಿಸಿತ್ತು, ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಯಾಕೆ ಸೋತೆ ಎಂದು ಅಪ್ಪ ಕೇಳಿದಾಗ "ಮಾವ ಕೂಗಿಬಿಟ್ರು" ಎಂದೆ. ಸುಳ್ಳೇನಲ್ಲವಲ್ಲ! ಅಪ್ಪ ಸೀದಾ ಮಿಲ್ಲಿಗೆ ಹೋಗಿ, ಕಾಯುತ್ತಿದ್ದವರ ಎದುರಿಗೇ ರೇಗಿದರು. "ಅರ್ಧ ಗಂಟೆ ಬಾಯಿ ಮುಚ್ಕೊಂಡಿರೋಕಾಗ್ಲಿಲ್ವೇನ್ರೀ? ಮಗು ಆಟಾನೇ ಹಾಳ್ ಮಾಡಿದ್ರಲ್ಲ!"

ಮಾವ ಮೆಷಿನ್ ನಿಲ್ಲಿಸಿ ಪೂರಾ ಕೇಳಿಸಿಕೊಂಡರು. "ದಿಟ ಕಣಣ್ಣ, ತೆಪ್ಪು ನಂದೇಯ," ಎಂದರು. ಮೊದಲ ಸಲ ಅವರ ದನಿ ಸಣ್ಣಗಿತ್ತು. ನಾನು ಅಪ್ಪನ ಹಿಂದೆಯೇ ನಿಂತಿದ್ದೆ.

ಬೋರ್ಡು ಅಟ್ಟ ಸೇರಿತು. ಯಾರಾದರೂ ಕೇಳಿದರೆ "ಬ್ಯಾಡ ಕಣ್ಲಾ, ನನ್ ಬಾಯಿ ಸರೀಗಿಲ್ಲ" ಎನ್ನುತ್ತಿದ್ದರು. ನಾನು ಹೋದರೆ ಮಾತ್ರ ಆಗಲೂ ಸರದಿ ಕಾಯಿಸದೆ ಬೀಸಿಕೊಡುತ್ತಿದ್ದರು. ಅದನ್ನು ತಡೆಯಲಾಗದೆ ಮಿಲ್ಲಿಗೆ ಅಮ್ಮನನ್ನೇ ಕಳಿಸತೊಡಗಿದೆ. ನಾಳೆ ಹೇಳೋಣ, ಹಬ್ಬ ಕಳೀಲಿ ಹೇಳೋಣ… ಎನ್ನುವಷ್ಟರಲ್ಲಿ ಮದುವೆಯಾಗಿ ನಂಜನಗೂಡಿಗೆ ಬಂದೆ. ಮಾವ ಹೋಗಿಬಿಟ್ಟರೆಂದು ಅಮ್ಮ ಫೋನಿನಲ್ಲಿ ಹೇಳಿದಾಗ ಕುಕ್ಕರ್ ಕೂಗುತ್ತಿತ್ತು. ಇನ್ನೊಮ್ಮೆ ಹೇಳಿಸಿಕೊಂಡೆ.

ಈಗ ಮೊಬೈಲಿನಲ್ಲಿ, ಮುಖ ಕಾಣದವರ ಜೊತೆ ಆಡುತ್ತೇನೆ. ಆಗೀಗ ಯಾರೋ ಅದೇ ಕುದುರೆ ಹಾರಿಸುತ್ತಾರೆ. ಕಾಲಾಳನ್ನು ಇನ್ನೊಂದು ಮನೆ ಮುಂದೆ ತಳ್ಳಿದರಾಯಿತು, ಕುದುರೆಯೇ ಜಾಗ ಬಿಟ್ಟು ಓಡಬೇಕು. ಇಷ್ಟೇ ಇಷ್ಟು ಉತ್ತರ.

ಮೊನ್ನೆ ಗಂಟು ಮುದ್ದೆ ಉಂಡು ಆಡಲು ಕೂತಾಗಲೂ ಆ ಕುದುರೆ ಬಂತು. ನಾನು ಮಂತ್ರಿಯನ್ನು ಓರೆಗೆ ಬಿಟ್ಟೆ. ಕುದುರೆ ತಕ್ಷಣ ತಿಂದುಹಾಕಿತು.

"ಮಾವ, ಅವತ್ತು ಸೋತಿದ್ದು ನಾನೇ, ನಿಮ್ಮಿಂದಲ್ಲ," ಎಂದೆ, ಮಿಲ್ಲಿನ ಸದ್ದಿನಲ್ಲೂ ಕೇಳುವಷ್ಟು ಗಟ್ಟಿಯಾಗಿ.

"ಯಾರಮ್ಮಾ ಅದು?" ಎಂದಳು ಒಳಗಿನಿಂದ ಮಗಳು.

"ಯಾರೂ ಇಲ್ಲ ಕಣೇ," ಎಂದೆ.