ಮೋತಿಯ ಬಾಯಿಗೊಂದು ಬುಟ್ಟಿ

ಇವತ್ತು ಮಧ್ಯಾಹ್ನ ಅಪ್ಪ ಮನೆಗೆ ಬಂದವನೇ ಹೆಗಲ ಮೇಲಿನ ಟವೆಲ್ ಜಾಡಿಸಿದ. ನಾನು ನಾಲ್ಕು ಸಲ ಸೀನಿದೆ. ಮಂಚದ ಕೆಳಗಿಂದ ನಮ್ಮ ನಾಯಿ ಮೋತಿಯೂ ಸೀನಿತು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಗುಮಾಸ್ತನ ಮನೆಯಲ್ಲಿ ಸೀನನ್ನು ಯಾರೂ ಲೆಕ್ಕ ಇಡುವುದಿಲ್ಲ, ನನ್ನ ದಿನಚರಿ ಒಂದನ್ನು ಬಿಟ್ಟು. ಆ ಟವೆಲ್ ಕಂಡಾಗಲೆಲ್ಲ ಮೋತಿಯ ಬಾಯಿ ಕಟ್ಟಲು ಹೊರಟ ಬೇಸಿಗೆ ನೆನಪಾಗುತ್ತದೆ.

ಮೋತಿಗೆ ಕಚ್ಚುವ ಹುಚ್ಚಿರಲಿಲ್ಲ, ಎಳೆಯುವ ಹುಚ್ಚಿತ್ತು. ಗಾಳಿಗೆ ಅಲುಗಾಡುವುದೆಲ್ಲ ತನ್ನದೆಂದು ಅದರ ನಂಬಿಕೆ. ಒಂದು ಸಂಜೆ ತಲೆಯ ಮೇಲೆ ಚೀಲ ಹೊತ್ತ ಹಮಾಲರೊಬ್ಬರ ಧೋತರ ಹಿಡಿಯಿತು. ಚೀಲ ಬಿಡಬೇಕೋ ಧೋತರ ಬಿಡಬೇಕೋ, ನೀವೇ ಹೇಳಿ. ಅವರು ಚೀಲ ಬಿಟ್ಟರು. ರಸ್ತೆ ಕೆಂಪಾಯಿತು. ಚೀಲ ಅಪ್ಪನ ಅಂಗಡಿಯದೇ.

ಊಟದ ಹೊತ್ತಿಗೆ ಅಪ್ಪ ತೀರ್ಪು ಕೊಟ್ಟ: "ಇದರ ಬಾಯಿಗೆ ಏನರ ಹಾಕು. ಇಲ್ಲಂದ್ರ ಬರೂ ಐತವಾರ ಕರ್ಜಗಿಗೆ ಒಯ್ದು ನಿಮ್ಮ ಮಾವನ ಹೊಲದಾಗ ಬಿಟ್ಟ ಬರತೇನಿ."

ನಾನು ಎಲ್ಲವನ್ನೂ ಅಳೆದು ಮಾಡುವವನು. ಬೆಳಗಿನ ತಂಪಿನಲ್ಲಿ ಮೋತಿ ಮಲಗಿದ್ದಾಗ ಮೂತಿಗೆ ದಾರ ಸುತ್ತಿ ಅಳತೆ ತೆಗೆದು, ಹಾವೇರಿಯಿಂದ ಬಟ್ಟೆಯ ಬಾಯಿಪಟ್ಟಿ ತಂದೆ. ದರ್ಜಿ ಹೊಲಿದಂತೆ ಕೂತಿತು. ಆದರೆ ಸಂಜೆ ಓಣಿಯ ತಿರುವಿನವರೆಗೂ ಮೋತಿ ನಡೆಯಲಿಲ್ಲ. ಬಾಯಿ ತೆರೆಯಲಾಗದೆ, ಹೊಟ್ಟೆ ತಿದಿಯಂತೆ ಏರಿಳಿಸುತ್ತ ನಲ್ಲಿಯ ಕೆಳಗಿನ ಕೆಸರಲ್ಲಿ ಮಲಗಿಬಿಟ್ಟಿತು. ಬಿಚ್ಚಿ, ನೀರು ಹಾಕಿ, ಹೊತ್ತು ತಂದೆ.

ಬಾಯಿ ಕಟ್ಟಿದರೆ ಮೋತಿಗೆ ತಡೆಯದು ಎಂದರೆ ಅಪ್ಪ ಒಪ್ಪಲಿಲ್ಲ. ಘಾಟಿಗೆ ಇಡೀ ಮಾರುಕಟ್ಟೆ ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡೇ ದುಡಿಯುತ್ತದೆ, ಇದಕ್ಕೇನು ಧಾಡಿ ಎಂದ. ಮರುದಿನ ಅಂಗಡಿಯಿಂದ ಬಂದವನೇ ತನ್ನ ಟವೆಲ್ಲನ್ನು ಸಡಿಲಾಗಿ ಅದರ ಮೂತಿಗೆ ಸುತ್ತಿದ. ಅದರೊಳಗಿನ ಮೆಣಸಿನ ಧೂಳು ನಮಗಾರಿಗೂ ನೆನಪಾಗಲಿಲ್ಲ. ಅದು ನಮ್ಮ ಉಸಿರಿನಷ್ಟು ಹಳೆಯದು. ಮೋತಿ ಸೀನತೊಡಗಿತು. ಸೀನಿಗೊಂದು ಹೆಜ್ಜೆ ಹಿಂದೆ. ಹಾಗೇ ಸೀನುತ್ತ ಸೀನುತ್ತ ಎದುರು ಮನೆಯ ಅಂಗಳಕ್ಕೆ ಹಿಮ್ಮುಖವಾಗಿ ಹೋಗಿಬಿಟ್ಟಿತು. ಅಪ್ಪನೇ ಓಡಿ ಹೋಗಿ ಟವೆಲ್ ಕಿತ್ತು, ಕೈ ಒದ್ದೆ ಮಾಡಿಕೊಂಡು ಅದರ ಮೂಗು ಒರೆಸಿದ.

ಅವ್ವ ಬಾಗಿಲಲ್ಲೇ ನಿಂತು ಕೇಳಿದಳು: "ನೀರಡಿಕಿ ಆದ್ರ ನೀವು ಟವೆಲ್ ಸರಸ್ತೀರಿ. ಅದಕ್ಕ ಕೈ ಎಲ್ಲಿ ಅದಾವ್ರಿ?"

ಅಪ್ಪ ಕೈ ತೊಳೆದುಕೊಂಡು, "ಇದೊಂದ ಐತವಾರ ಬಿಟ್ಟೇನಿ" ಎಂದ.

ರಾಣೇಬೆನ್ನೂರಿನ ದನದ ಡಾಕ್ಟರು ಕತೆ ಕೇಳಿ ಕನ್ನಡಕ ತೆಗೆದು ನಕ್ಕರು. ನಮಗೆ ಬೆವರು ಹೇಗೋ ನಾಯಿಗೆ ನಾಲಿಗೆ ಹಾಗೆ. ಸೆಕೆ ಕಳೆಯಲು ಅದು ಹೊರಗೆ ಬರಲೇಬೇಕು ಎಂದರು. "ಬಾಯಿ ಕಟ್ಟಬ್ಯಾಡಪಾ, ಬುಟ್ಟಿ ಹಾಕು. ಅದರೊಳಗ ಅದು ಆಕಳಿಸಬೇಕು, ನೀರ ಕುಡೀಬೇಕು. ಓಡಿಸಿ, ತೇಕು ಹತ್ತಿದಾಗ ಅಳತಿ ತಗೋ."

ಹೀಗಾಗಿ ಆ ಭಾನುವಾರ ಬೆಳಿಗ್ಗೆ ಕರ್ಜಗಿ ಬಸ್ಸು ಹತ್ತಬೇಕಿದ್ದ ಅಪ್ಪ ಮೋತಿಯ ಜೊತೆ ಓಣಿಯುದ್ದಕ್ಕೂ ಓಡಿದ. ದಾರ ಹಿಡಿದು ನಾನು ನಿಂತಿದ್ದೆ. ಇಬ್ಬರೂ ತೇಕುತ್ತ ಬಂದರು. ನಾನು ಒಬ್ಬರ ಅಳತೆ ತೆಗೆದುಕೊಂಡೆ.

ತಂತಿಯ ಬುಟ್ಟಿ ಬಂತು, ಅಂಚಿಗೆ ಮೆತ್ತನೆಯ ತೊಗಲು. ಒಳಗೆ ಬೆಲ್ಲದ ಚೂರಿಟ್ಟರೆ ಮೋತಿ ತಾನೇ ಮೂತಿ ತೂರಿಸುತ್ತಿತ್ತು. ಬಿಸಿಲು ಇಳಿದ ಮೇಲೆ ತಿರುಗಾಟ. ಅದೇ ಹಮಾಲರ ಧೋತರಕ್ಕೆ ಬುಟ್ಟಿ ಒತ್ತಿ ಉಜ್ಜಿತು, ಹಿಡಿಯಲಾಗಲಿಲ್ಲ. "ಈಗ ಇಸ್ತ್ರಿ ಮಾಡಾಕತ್ತೈತಿ ನೋಡ್ರಿ" ಎಂದು ಅವರು ನಡೆದರು.

ಇಷ್ಟು ಬರೆಯುವಾಗಲೇ ಫೋನ್ ಬಂತು. ಕರ್ಜಗಿಯಿಂದ ಮಾವ. ಹೊಲಕ್ಕೆ ಹಂದಿ ನುಗ್ಗುತ್ತಿವೆಯಂತೆ, ಮೋತಿಯನ್ನು ಕಳಿಸಿರೆಂದು ಕೇಳಿದ. ಅಪ್ಪ ಮಂಚದ ಕೆಳಗೆ ಬಗ್ಗಿ ನೋಡಿ ಹೇಳಿದ:

"ಕರ್ಜಗ್ಯಾಗ ಬಿಸಲು ಭಾಳ ಮಾರಾಯಾ. ನಮ್ಮ ಮೋತಿಗೆ ತಡಿಯೂದಿಲ್ಲ."

ಒಂದೇ ಜಿಲ್ಲೆ, ಒಂದೇ ಸೂರ್ಯ. ಆದರೂ ನಾನು ತಿದ್ದಲು ಹೋಗದೆ ದಿನಚರಿಯಲ್ಲಿ ಬರೆದುಕೊಂಡೆ: ಕರ್ಜಗಿಯಲ್ಲಿ ಬಿಸಿಲು ಹೆಚ್ಚು.