ಮೀಟರಿನ ಕೆಂಪು ದೀಪ

ಮತ್ತಿಗಿರಿಯಲ್ಲಿ ನಾನು ಒಬ್ಬಳೇ ಬಾಡಿಗೆಗಿದ್ದ ಮನೆಯ ಕರೆಂಟ್ ಮೀಟರು ಓನರಮ್ಮನ ಜಗಲಿಯ ಗೋಡೆಯಲ್ಲಿತ್ತು. ಅದರಲ್ಲೊಂದು ಪುಟ್ಟ ಕೆಂಪು ದೀಪ. ಮನೆಯಲ್ಲಿ ಕರೆಂಟು ಹೆಚ್ಚು ಉರಿದಷ್ಟೂ ಅದು ಬೇಗ ಬೇಗ ಮಿಟುಕುತ್ತದೆ. ಓನರಮ್ಮ ಸೊಪ್ಪು ಬಿಡಿಸುತ್ತ ಅದರೆದುರೇ ಕೂರುತ್ತಿದ್ದರು. ನಾನು ಕಾಲೇಜಿಗೆ ಹೊರಟರೆ, "ಏನಮ್ಮಾ, ಇವತ್ತು ತಲೆಗೆ ನೀರಾ? ಗೀಸರು ಶಾನೆ ಹೊತ್ತು ಓಡ್ತಿತ್ತು," ಎನ್ನುವರು. ನನಗೆ ಮೈ ಉರಿಯುತ್ತಿತ್ತು. ಬಾಗಿಲು ಹಾಕಿಕೊಂಡ ಮೇಲೂ ಇಣುಕುವ ಇದೆಂಥ ಹೇಸಿಗೆ ಚಾಳಿ ಎಂದು ಬೈದುಕೊಳ್ಳುತ್ತಿದ್ದೆ.

ಆಗ ನಾನು ಕೃಷ್ಣಗಿರಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ ಡಾಕ್ಟರೇಟಿಗೂ ಒದ್ದಾಡುತ್ತಿದ್ದೆ. ರೋಗಿಯ ಎದೆಗೆ ಅಂಟಿಸುವ ಪಟ್ಟಿಯೊಳಗೆ ಕೂರುವ, ಕಣ್ಣಿಗೆ ಕಾಣದಷ್ಟು ಸಣ್ಣ ಸರ್ಕ್ಯೂಟಿನ ವಿನ್ಯಾಸ ನನ್ನ ವಿಷಯ. ಅದು ಎದೆಬಡಿತದ ಮಾಹಿತಿಯನ್ನು ಗುಟ್ಟಿನ ಕೀಲಿಯೊಂದಿಗೆ ಕಲಸಿ ಆಸ್ಪತ್ರೆಗೆ ಕಳಿಸಬೇಕು; ಬ್ಯಾಟರಿಯೂ ಬಹಳ ಕಾಲ ಬಾಳಬೇಕು. ಕೀಲಿ ಎಂದರೆ ಸೊನ್ನೆ, ಒಂದುಗಳ ಉದ್ದನೆಯ ಸಾಲು. ಸೊನ್ನೆ ಬಂದಾಗಲೆಲ್ಲ ಸರ್ಕ್ಯೂಟಿನ ಒಂದು ಭಾಗವನ್ನು ಮಲಗಿಸಿಬಿಡುವ ಉಪಾಯ ನನ್ನದು. ಕರೆಂಟು ಚೆನ್ನಾಗಿ ಉಳಿಯಿತು. ಆರು ವರ್ಷದ ದುಡಿಮೆ ಅದು, ಜಂಬವೂ ಇತ್ತು.

ಒಂದು ಬೆಳಗ್ಗೆ ಗೇಟು ದಾಟುತ್ತಿದ್ದವಳನ್ನು ಓನರಮ್ಮ ತಡೆದರು. "ಐರನ್ ಬಾಕ್ಸ್ ಆರ್ಸಿಲ್ಲ ನೀನು. ದೀಪ ಇನ್ನೂ ಓಡ್ತಾನೇ ಅದೆ." ಒಳಗೆ ಹೋಗಿ ನೋಡಿದರೆ ನಿಜ. ಆರಿಸಿ ಬಂದು ಬಸ್ಸು ಹತ್ತಿದೆ. ಅವಲಪಲ್ಲಿ ದಾಟುವಷ್ಟರಲ್ಲಿ, ನನ್ನ ಸರ್ಕ್ಯೂಟು ಎಳೆಯುವ ಕರೆಂಟನ್ನೂ ಹೀಗೇ ಯಾರಾದರೂ ನೋಡುತ್ತ ಕೂತರೆ ಎಂದು ಹೊಳೆಯಿತು. ಕಾಲೇಜಿಗೆ ಹೋದವಳೇ ನನ್ನ ಸರ್ಕ್ಯೂಟು ಕ್ಷಣಕ್ಷಣಕ್ಕೆ ಎಷ್ಟು ಕರೆಂಟು ಎಳೆಯುತ್ತದೆಂದು ಗೆರೆ ಬರೆಸಿ ನೋಡಿದೆ. ಕೀಲಿಯಲ್ಲಿ ಒಂದು ಇದ್ದಲ್ಲಿ ಗೆರೆ ಏರಿತ್ತು, ಸೊನ್ನೆ ಇದ್ದಲ್ಲಿ ಇಳಿದಿತ್ತು. ಕಳ್ಳನಾದವನು ಕೀಲಿಯನ್ನು ಒಡೆಯಬೇಕಾಗಿಯೇ ಇರಲಿಲ್ಲ, ಜಗಲಿಯಲ್ಲಿ ಕೂತು ಓದಿಕೊಂಡರೆ ಸಾಕಿತ್ತು. ನಾನು ಉಳಿಸಿದ ಕರೆಂಟೇ ಗುಟ್ಟನ್ನು ಹೊರಗೆ ಸಾರುತ್ತಿತ್ತು.

ನನ್ನ ಮಾರ್ಗದರ್ಶಕರು ವಿಭಾಗದ ಮುಖ್ಯಸ್ಥರೂ ಹೌದು. ನಾನು ಮುದ್ರಿಸಿ ಒಯ್ದ ಆ ಗೆರೆಚಿತ್ರವನ್ನು ನೋಡಿದರು, ವಡೆ ತಿಂದ ಎಣ್ಣೆಗೈಯನ್ನು ಅದಕ್ಕೇ ಒರೆಸಿಕೊಂಡರು.

"ಪವರ್ ಮೂರನೇ ಚಾಪ್ಟರು, ಸೆಕ್ಯುರಿಟಿ ನಾಕನೇದು. ಎರಡನ್ನೂ ಯಾಕಮ್ಮ ಕಲಸ್ತೀಯಾ? ಇದನ್ನ ತೆಗ್ದಾಕು."

"ಸಾರ್, ಕೀಲಿ ಹಂಗೇ ಕಾಣ್ತದೆ."

"ಸರಿಮಾಡಕ್ಕೆ ಎಷ್ಟು ದಿನ?"

"ಒಂದು ವರ್ಷ ಬೇಕು ಸಾರ್."

"ಬರೋ ಜೂನಿಗೆ ಡಾಕ್ಟರೇಟ್ ಇಲ್ದೋರನ್ನ ಮ್ಯಾನೇಜ್‌ಮೆಂಟ್ ಇಟ್ಕೊಳಲ್ಲ. ನೋಡ್ಕೊ."

ನನಗೆ ವಾಕರಿಕೆ ಬಂತು. ಅದು ಅವರ ಮೇಲಿನದೆಂದೇ ಆಗ ನಂಬಿದ್ದೆ. ಆದರೆ ಸಂಜೆ ಕೂತು, ಪ್ರಬಂಧಕ್ಕೆ ಸೇರಿಸಿದ್ದ ಆ ಚಿತ್ರವನ್ನು ಅಳಿಸಿದವಳು ನಾನು. ಬೇರೆ ಕಡೆ ಅದರ ಸುಳಿವು ಕೊಡುವ ಎರಡು ಸಾಲುಗಳಿದ್ದವು. ಅವರು ಹೇಳದಿದ್ದರೂ ಹುಡುಕಿ ಹುಡುಕಿ ತೆಗೆದೆ. ಒಳಗೆ ಹುಳುಕು, ಹೊರಗೆ ತಳುಕು. ಪ್ರಬಂಧಕ್ಕೆ ಚಿನ್ನದ ಬಣ್ಣದ ಅಕ್ಷರದ ರಟ್ಟು ಹಾಕಿಸಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ, ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ರೋಗಿಯ ಮಾಹಿತಿಯನ್ನು ಯಾರೂ ಕದಿಯಲಾಗುವುದಿಲ್ಲ ತಾನೆ? ಆಗುವುದಿಲ್ಲ ಎಂದೆ. ದನಿ ಸ್ವಲ್ಪವೂ ನಡುಗಲಿಲ್ಲ. ನನ್ನ ಬಗ್ಗೆ ನನಗೆ ಇಂದಿಗೂ ಅಸಹ್ಯವಾಗುವುದು ಆ ನಡುಗದ ದನಿಗೆ. ಆಮೇಲೆ ಶಾಲು, ಹಾರ, ಬೋಂಡಾ. ಮಾರ್ಗದರ್ಶಕರ ಕಾಲಿಗೂ ಬಿದ್ದೆ.

ಮಧ್ಯಾಹ್ನ ಮನೆಗೆ ಬಂದು ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಏಪ್ರಿಲ್ ಸೆಕೆಗೆ ಹಾರದ ಸುಗಂಧರಾಜ ಆಗಲೇ ಕೊಳೆತ ವಾಸನೆ ಹೊಡೆಯುತ್ತಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ, ಯಾರೋ ಬಾಗಿಲು ತಟ್ಟಿದರು. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಹಾರವನ್ನು ಮೂಲೆಗೆ ತಳ್ಳಿ ಬಾಗಿಲು ತೆರೆದೆ. ಓನರಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿದ್ದರು.

"ನೀನು ಬಂದು ಎರಡು ಗಂಟೆ ಆಯ್ತು, ದೀಪ ಮಿಟುಕ್ಲೇ ಇಲ್ಲ. ಈ ಸೆಕೇಲಿ ಫ್ಯಾನೂ ಹಾಕ್ದೆ ಕೂತಿದ್ದೀಯ. ಏನ್ ಮಾಡ್ಕೊಂಡ್ಬುಟ್ಟೆ ತಾಯಿ?"

"ಡಾಕ್ಟರ್ ಆದೆ, ಅಮ್ಮ," ಎಂದೆ.